ನಡುವಿನ ಪಿಕಪ್‌ನ ಧ್ರುವ: ಮನೆಯಲ್ಲಿ ನಡೆದ ಒಂದು ಗಿಟಾರ್ ದುರಸ್ತಿಯ ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವ ವಾದ್ಯವು ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಮಾದರಿಯನ್ನು ಅನುಸರಿಸಿ ತಯಾರಾದ, ಸುಮಾರು ಹತ್ತು ವರ್ಷ ಹಳೆಯದಾದ, ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರು. ಅದು ನನ್ನ ಅಣ್ಣನ ಮಗಳದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವಳು ಏಪ್ರಿಲ್ ರಜೆಗೆ ಮೈಸೂರಿಗೆ ಬಂದಾಗ ಗಿಟಾರನ್ನೂ ರಟ್ಟಿನ ಡಬ್ಬಿಯೊಂದರಲ್ಲಿ ಮೂರು ಪಿಕಪ್‌ಗಳನ್ನೂ ತಂದು ನನ್ನ ಮೇಜಿನ ಮೇಲಿಟ್ಟು, "ಚಿಕ್ಕಪ್ಪ, ಇದು ತುಂಬಾ ಗುಂಯ್ ಅನ್ನುತ್ತೆ, ಪಿಕಪ್ ಬದಲಾಯಿಸಿ ಕೊಡ್ತೀರಾ?" ಎಂದು ಕೇಳಿದಳು. ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್‌ಗಳನ್ನು ಬಿಚ್ಚಿ ಜೋಡಿಸಿದ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದ್ದರೂ ಗಿಟಾರಿನ ಹೊಟ್ಟೆಯೊಳಗೆ ಕೈ ಹಾಕಿದ್ದು ಇದೇ ಮೊದಲು. ಮುಂದೆ ನಡೆದ ಒಂದು ತಪ್ಪಿಗೆ ಈ ಅರ್ಧ ಅನುಭವವೇ ಕಾರಣವಾದುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ದೂರನ್ನು ಬಿಡಿಸಿ ನೋಡಿದ್ದು

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದು ಸುರುಳಿ. ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ ಇದು, ಹೆಚ್ಚೇನೂ ಇಲ್ಲ. ಆದರೆ ಆ ಸುರುಳಿಗೆ ಗಿಟಾರಿನ ತಂತಿ ಬೇರೆ, ಮನೆಯ ವೈರಿಂಗ್ ಬೇರೆ ಎಂಬ ಭೇದ ತಿಳಿಯದು. ಗೋಡೆಯೊಳಗಿನ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿನ ಕ್ಷೇತ್ರವನ್ನೂ, ಫ್ಯಾನ್ ರೆಗ್ಯುಲೇಟರಿನ ಕರಕರ ಸದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಹಿಡಿದು ಕೊಡುತ್ತದೆ. ಹೀಗಾಗಿ ಒಂಟಿ ಸುರುಳಿಯ ಪಿಕಪ್‌ಗಳಿರುವ ಗಿಟಾರು ಸ್ವಲ್ಪ ಗುಂಯ್‌ಗುಡುವುದು ಸಹಜ. ಈ ವಾದ್ಯದಲ್ಲಿದ್ದ ಸದ್ದು ಆ ಸಹಜ ಮಟ್ಟದ್ದೋ ಅಥವಾ ದೋಷದ್ದೋ ಎಂಬುದನ್ನು ತೀರ್ಮಾನಿಸದೆ ಪಿಕಪ್ ಬದಲಿಸುವುದು ಸರಿಯಲ್ಲವೆಂದು ನನಗೆ ತೋರಿತು.

ಇದಕ್ಕೆ ಎರಡು ಸರಳ ಪರೀಕ್ಷೆಗಳಿವೆ. ಗಿಟಾರನ್ನು ಹಿಡಿದುಕೊಂಡು ನಿಂತಲ್ಲೇ ನಿಧಾನವಾಗಿ ತಿರುಗಿದಾಗ ಸದ್ದು ಏರಿಳಿದರೆ ಅದು ಸುರುಳಿಯು ಹಿಡಿಯುತ್ತಿರುವ ಕಾಂತಕ್ಷೇತ್ರದ ಸದ್ದು, ಏಕೆಂದರೆ ಸುರುಳಿಯು ದಿಕ್ಕಿಗನುಗುಣವಾಗಿ ಕೆಲಸ ಮಾಡುತ್ತದೆ. ತಂತಿಗಳನ್ನು ಕೈಯಿಂದ ಮುಟ್ಟಿದಾಗ ಸದ್ದು ತಗ್ಗಿದರೆ ಗಿಟಾರಿನ ತಂತಿಗಳು ಗ್ರೌಂಡಿಗೆ ಸರಿಯಾಗಿ ಸೇರಿವೆ ಎಂದು ಅರ್ಥ. ನಮ್ಮ ಗಿಟಾರಿನಲ್ಲಿ ತಂತಿ ಮುಟ್ಟಿದರೂ ಬಿಟ್ಟರೂ ಸದ್ದು ಒಂದೇ ಸಮನೆ ಇತ್ತು. ಮಲ್ಟಿಮೀಟರಿನ ಒಂದು ಮೊನೆಯನ್ನು ತಂತಿಗಳ ಬುಡ ಹಿಡಿದಿರುವ ಲೋಹದ ಬ್ರಿಜ್‌ಗೂ ಇನ್ನೊಂದನ್ನು ಕೇಬಲ್ ಚುಚ್ಚುವ ಜ್ಯಾಕಿನ ಹೊರಬಳೆಗೂ ಇಟ್ಟಾಗ ಬೀಪ್ ಬರಲಿಲ್ಲ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬ್ರಿಜ್‌ಗೆ ಸೇರಿದ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಬೆಸೆದ ಕಪ್ಪು ವೈರನ್ನು ಚಿಮಟದಿಂದ ಮೆಲ್ಲಗೆ ಎಳೆದೆ. ನೋಡಲು ಅಂಟಿಕೊಂಡಂತೆಯೇ ಇದ್ದ ಅದು ಬೆಸುಗೆಯ ಗುಳ್ಳೆಯೊಳಗಿಂದ ಕಳಚಿ ಕೈಗೆ ಬಂತು. ಪಟ್ಟಿ ಸಾಕಷ್ಟು ಬಿಸಿಯಾಗುವ ಮೊದಲೇ ಬೆಸೆದಿದ್ದರಿಂದ ಸೀಸ ಅದರ ಮೇಲೆ ಕೂತಿತ್ತೇ ಹೊರತು ಹಿಡಿದಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗನ್ನು ಅವಳು ಎರಡು ಪಿನ್ನಿನ ಕನ್ವರ್ಟರ್ ಮೂಲಕ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸೇರಿಸುತ್ತಿದ್ದಳು. ಅರ್ಥಿಂಗ್ ಪಿನ್ ಹೀಗೆ ತಪ್ಪಿಹೋದರೆ ಗುಂಯ್ ಸದ್ದು ಹೆಚ್ಚುವುದು ಒಂದು ಕಡೆಯಾದರೆ, ಆಂಪ್ಲಿಫೈಯರಿನ ಒಳಗೆ ಏನಾದರೂ ಸೋರಿಕೆಯಾದ ದಿನ ಅದರ ಲೋಹದ ಚಾಸಿಗೆ ಬಂದ ವಿದ್ಯುತ್ತು ಕೇಬಲಿನ ಹೊರಪದರದ ಮೂಲಕ ನೇರವಾಗಿ ಗಿಟಾರಿನ ತಂತಿಗಳಿಗೆ ಬರುತ್ತದೆ. ನುಡಿಸುವವರ ಬೆರಳುಗಳು ಇರುವುದೂ ಅಲ್ಲಿಯೇ. ಈ ಕಾರಣಕ್ಕೆ ಆ ಕನ್ವರ್ಟರನ್ನು ನಾನು ಅವಳಿಗೆ ಹಿಂದಿರುಗಿಸಲೇ ಇಲ್ಲ.

ಪಟ್ಟಿಯನ್ನು ಉಜ್ಜಿ, ವೈರನ್ನು ಹೊಸದಾಗಿ ಬೆಸೆದು, ಆಂಪ್ಲಿಫೈಯರನ್ನು ಅರ್ಥಿಂಗ್ ಇರುವ ಸಾಕೆಟ್ಟಿಗೆ ಹಾಕಿದ ಮೇಲೆ ಸದ್ದಿನ ಬಹುಪಾಲು ಇಳಿಯಿತು. ಉಳಿದದ್ದು ಗಿಟಾರನ್ನು ತಿರುಗಿಸಿದಾಗ ಏರಿಳಿಯುವ ಸಹಜ ಸದ್ದು. ಪಿಕಪ್ ಬದಲಿಸುವ ಅಗತ್ಯವೇ ಇಲ್ಲವೆಂದು ನಾನು ಹೇಳಿದೆ. ಅವಳು ಸ್ವಲ್ಪ ಹೊತ್ತು ನುಡಿಸಿ, "ಗುಂಯ್ ಕಡಿಮೆ ಆಯ್ತು ಚಿಕ್ಕಪ್ಪ, ಆದರೆ ಸ್ವರ ಇನ್ನೂ ತಗಡು ಬಡಿದ ಹಾಗೇ ಇದೆ" ಎಂದಳು. ಕಿವಿ ಅವಳದು, ಗಿಟಾರೂ ಅವಳದು. ಕೆಲಸ ಮುಂದುವರಿಯಿತು.

ಒಳಗೆ ಕಂಡದ್ದು

ತಂತಿಗಳನ್ನು ಸಡಿಲಿಸಿ ತೆಗೆದು, ಗಿಟಾರಿನ ಮುಂಭಾಗದ ಹಲಗೆಯಾದ ಪಿಕ್‌ಗಾರ್ಡಿನ 11 ಸ್ಕ್ರೂಗಳನ್ನು ಬಿಚ್ಚಿ, ಅವನ್ನು ಹಳೆಯ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇರಿಸಿದೆವು. ಸ್ಟ್ರಾಟೋಕ್ಯಾಸ್ಟರ್ ಮಾದರಿಯಲ್ಲಿ ಪಿಕಪ್, ಸ್ವಿಚ್, ವಾಲ್ಯೂಮ್ ಮತ್ತು ಟೋನ್ ಕಂಟ್ರೋಲ್‌ಗಳೆಲ್ಲವೂ ಪಿಕ್‌ಗಾರ್ಡಿಗೇ ತೂಗಿಕೊಂಡಿರುವುದರಿಂದ ಹಲಗೆಯನ್ನು ಮಗುಚಿದರೆ ಇಡೀ ವಿದ್ಯುತ್ ಜೋಡಣೆ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. 1954ರಲ್ಲಿ ಈ ವಾದ್ಯವನ್ನು ಹೊರತಂದ ಲಿಯೋ ಫೆಂಡರ್ ಮೂಲತಃ ರೇಡಿಯೊ ದುರಸ್ತಿಯ ಅಂಗಡಿ ನಡೆಸುತ್ತಿದ್ದವರು ಎಂಬುದು ಈ ಏರ್ಪಾಡನ್ನು ಕಂಡಾಗ ಅರ್ಥವಾಗುತ್ತದೆ. ಮುಂದೆ ಯಾರೋ ಇದನ್ನು ಬಿಚ್ಚಬೇಕಾಗುತ್ತದೆ ಎಂಬ ಎಣಿಕೆ ಇಟ್ಟುಕೊಂಡೇ ಮಾಡಿದ ವಿನ್ಯಾಸ ಅದು.

ಹಳೆಯ ಪಿಕಪ್‌ಗಳು ಅಗ್ಗದ ಗಿಟಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯವು: ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಆರು ಉಕ್ಕಿನ ಕಡ್ಡಿಗಳು, ಅವುಗಳ ಬುಡಕ್ಕೆ ಅಂಟಿಸಿದ ಒಂದು ಸೆರಾಮಿಕ್ ಅಯಸ್ಕಾಂತದ ಪಟ್ಟಿ. ಅವಳು ತಂದಿದ್ದ ಪಿಕಪ್‌ಗಳಲ್ಲಿ ಉಕ್ಕಿನ ಕಡ್ಡಿಗಳ ಬದಲಿಗೆ ಆರು ಆಲ್ನಿಕೊ ಕಡ್ಡಿಗಳಿದ್ದವು, ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಮತ್ತು ಕಬ್ಬಿಣ ಸೇರಿದ ಮಿಶ್ರಲೋಹದ, ತಾವೇ ಅಯಸ್ಕಾಂತಗಳಾದ ಕಡ್ಡಿಗಳು. ಸೆರಾಮಿಕ್ ಎಂದರೆ ಕೆಟ್ಟದ್ದು, ಆಲ್ನಿಕೊ ಎಂದರೆ ಒಳ್ಳೆಯದು ಎಂದು ಗಿಟಾರ್ ನುಡಿಸುವವರ ನಡುವೆ ಬಲವಾದ ನಂಬಿಕೆಯಿದೆ. ಅದನ್ನು ಪೂರ್ತಿಯಾಗಿ ಒಪ್ಪಲು ನನ್ನಿಂದಾಗದು, ಏಕೆಂದರೆ ಈ ಗಿಟಾರಿನ ತಗಡಿನಂಥ ದನಿಯಲ್ಲಿ ಪಿಕಪ್‌ನ ಪಾಲಿನಷ್ಟೇ ವಾಲ್ಯೂಮ್ ಕಂಟ್ರೋಲಿನ ಪಾಲೂ ಇತ್ತು.

ಆ ಕಂಟ್ರೋಲಿನ ಬೆನ್ನ ಮೇಲೆ "ಬಿ500ಕೆ" ಎಂದು ಅಚ್ಚಾಗಿತ್ತು, ಅಂದರೆ 500 ಕಿಲೋ ಓಮ್, ತಿರುಗಿಸಿದಷ್ಟೂ ಸಮಪ್ರಮಾಣದಲ್ಲಿ ಬದಲಾಗುವ ಬಗೆ. ಒಂಟಿ ಸುರುಳಿಯ ಪಿಕಪ್‌ಗಳಿಗೆ ವಾಡಿಕೆಯಲ್ಲಿರುವುದು 250 ಕಿಲೋ ಓಮ್. ಸುರುಳಿಯ ಪ್ರೇರಕತೆ ಮತ್ತು ಕೇಬಲಿನ ಧಾರಕತೆ ಸೇರಿ ಒಂದು ಅನುರಣನ ಬಿಂದುವನ್ನು, ಅಂದರೆ ಸ್ವರ ಎಲ್ಲಕ್ಕಿಂತ ಎದ್ದು ಕೇಳುವ ಕಂಪನಾಂಕದ ಶಿಖರವನ್ನು, ಉಂಟುಮಾಡುತ್ತವೆ. ಸುರುಳಿಯದು 2.4 ಹೆನ್ರಿ, ಕೇಬಲ್ ಮತ್ತು ಇತರೆ ಎಲ್ಲ ಸೇರಿ 550 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಆ ಬಿಂದು ಸುಮಾರು 4,400 ಹರ್ಟ್ಸ್‌ನಲ್ಲಿ ಬರುತ್ತದೆ, ಮನುಷ್ಯನ ಕಿವಿ ಬಹಳ ಚುರುಕಾಗಿರುವ ವಲಯದಲ್ಲಿ. ಕಂಟ್ರೋಲಿನ ರೋಧ ಕಡಿಮೆಯಾದಷ್ಟೂ ಈ ಶಿಖರ ತಗ್ಗುತ್ತದೆ, ಹೆಚ್ಚಾದಷ್ಟೂ ಚೂಪಾಗುತ್ತದೆ. ಕೇಬಲ್ ಇನ್ನೂ ಮೂರು ಮೀಟರ್ ಉದ್ದವಾದರೆ ಮೀಟರಿಗೆ 100 ಪಿಕೋಫ್ಯಾರಡ್ ಲೆಕ್ಕದಲ್ಲಿ ಇನ್ನೂ 300 ಸೇರಿ ಬಿಂದುವು 3,500 ಹರ್ಟ್ಸ್‌ಗೆ ಇಳಿಯುತ್ತದೆ. ಕೇಬಲಿನ ಉದ್ದವೂ ಸ್ವರವನ್ನು ಬದಲಿಸುತ್ತದೆ ಎಂದು ಗಿಟಾರಿಗರು ಹೇಳುವುದು ಭ್ರಮೆಯಲ್ಲ. ಹೀಗಾಗಿ ಪಿಕಪ್‌ಗಳ ಜೊತೆಗೆ ಅದೇ ಗಾತ್ರದ 250 ಕಿಲೋ ಓಮ್ ಕಂಟ್ರೋಲ್‌ಗಳನ್ನೂ ಹಾಕುವುದೆಂದು ನಿಶ್ಚಯಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರೊಬ್ಬರ ಕೈಯಲ್ಲಿ ಅವನ್ನೂ ಒಳ್ಳೆಯ ಬೆಸುಗೆ ತಂತಿಯನ್ನೂ ತರಿಸಿಕೊಂಡೆ.

ಹೊಸ ಪಿಕಪ್‌ಗಳು ವಾಸ್ತವವಾಗಿ ಹೊಸವಲ್ಲ. ನೆಕ್ (ಗಿಟಾರಿನ ಕುತ್ತಿಗೆಯ ಕಡೆಯ) ಮತ್ತು ಬ್ರಿಜ್ ಸ್ಥಾನದವು ಒಬ್ಬ ತಯಾರಕರ ಜೋಡಿ. ನಡುವಿನದು ಕಳೆದುಹೋಗಿದ್ದರಿಂದ ಮಾರಿದವರು ಬೇರೊಬ್ಬ ತಯಾರಕರ ನಡುಪಿಕಪ್ ಸೇರಿಸಿ, "ಇದು ಉಲ್ಟಾ ಸುತ್ತಿದ್ದು, ನಡುವೆ ಹಾಕುವುದಕ್ಕೇ ಇರೋದು" ಎಂದು ಹೇಳಿದ್ದರಂತೆ. ಮೀಟರಿನಲ್ಲಿ ನೆಕ್ 5.8, ನಡು 6.1, ಬ್ರಿಜ್ 6.4 ಕಿಲೋ ಓಮ್ ತೋರಿಸಿದವು. ಈ ಬಗೆಯ ಪಿಕಪ್‌ಗಳಿಗೆ ಇವು ಒಪ್ಪುವ ಅಂಕಿಗಳು. ಸುರುಳಿ ಎಲ್ಲೂ ತುಂಡಾಗಿಲ್ಲ ಎಂಬುದಕ್ಕೆ ಸಾಕ್ಷಿ. ನಾನು ಅಷ್ಟಕ್ಕೇ ತೃಪ್ತನಾದೆ. ಮಾಡಬೇಕಾಗಿದ್ದ ಇನ್ನೆರಡು ಪರೀಕ್ಷೆಗಳನ್ನು ಮಾಡಲಿಲ್ಲ.

ಬೆಸುಗೆಯ ಕೆಲಸ

ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಹಳೆಯ ವೈರುಗಳನ್ನು ಬಿಡಿಸುವ ಮೊದಲು ನಾಲ್ಕು ಕೋನಗಳಿಂದ ಫೋಟೊ ತೆಗೆದು, ಕಾಗದದ ಮೇಲೆ ನಕ್ಷೆ ಬರೆದುಕೊಂಡೆವು. ಅವಳೇ ಬೆಸೆಯಲು ಕಲಿಯಲಿ ಎಂದು ಐರನ್ನನ್ನು ಅವಳ ಕೈಗೆ ಕೊಟ್ಟೆ. ನನ್ನ 25 ವ್ಯಾಟ್ ಐರನ್ ಸ್ವಿಚ್ಚಿನ ಕಡ್ಡಿಗಳಿಗೆ ಸಾಕಾಯಿತು, ಆದರೆ ಕಂಟ್ರೋಲಿನ ಲೋಹದ ಬೆನ್ನಿಗೆ ಗ್ರೌಂಡ್ ವೈರುಗಳನ್ನು ಬೆಸೆಯುವಾಗ ಆ ಬೆನ್ನು ಶಾಖವನ್ನೆಲ್ಲ ಹೀರಿಕೊಂಡು ಬೆಸುಗೆ ಮಂಕಾದ ಗುಳ್ಳೆಯಾಗಿಯೇ ಉಳಿಯುತ್ತಿತ್ತು. 60 ಪಾಲು ತವರ, 40 ಪಾಲು ಸೀಸದ ಬೆಸುಗೆ ತಂತಿ 183ರಿಂದ 190 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಕರಗುವುದು ಬೇರೆ, ಕೆಳಗಿನ ಲೋಹವೂ ಆ ಬಿಸಿಗೆ ಏರಿ ಬೆಸುಗೆಯನ್ನು ತನ್ನ ಮೇಲೆ ಹರಿಯಗೊಡುವುದು ಬೇರೆ. ಸಣ್ಣ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಒಳಗಿನ ಇಂಗಾಲದ ಪಥ ಹಾಳಾಗುತ್ತದೆ. ಆದುದರಿಂದ ಬೆನ್ನನ್ನು ಎಮರಿ ಕಾಗದದಿಂದ ಉಜ್ಜಿ, 60 ವ್ಯಾಟಿನ ಐರನ್ ಹಿಡಿದು ಮೂರು ಸೆಕೆಂಡಿನಲ್ಲಿ ಮುಗಿಸುವುದೇ ಕ್ಷೇಮ. ಕಿಟಕಿ ತೆರೆದಿಟ್ಟುಕೊಂಡೆವು, ಸೀಸ ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿಗೆ ಕೂರಬಾರದೆಂದು ನನ್ನಾಕೆ ಎರಡು ಸಲ ಎಚ್ಚರಿಸಿದಳು.

ತೆಳುವಾದ ದನಿ ಮತ್ತು ನನ್ನ ಆತುರ

ಪಿಕ್‌ಗಾರ್ಡನ್ನು ಇನ್ನೂ ಮುಚ್ಚದೆ, ಕೇಬಲ್ ಸೇರಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದು ಪಿಕಪ್‌ನ ಕಡ್ಡಿಗಳನ್ನು ತಟ್ಟಿ ನೋಡಿದೆವು. ಐದು ಸ್ಥಾನದ ಸ್ವಿಚ್ಚಿನ ಪ್ರತಿಯೊಂದು ನಿಲುಗಡೆಯಲ್ಲೂ ಬರಬೇಕಾದ ಪಿಕಪ್‌ನಿಂದಲೇ ಟಕ್ ಎಂಬ ಸದ್ದು ಬಂತು. ತಂತಿ ಕಟ್ಟಿ ನುಡಿಸಿದಾಗ ಒಂದು, ಮೂರು, ಐದನೆಯ ಸ್ಥಾನಗಳು, ಅಂದರೆ ಪಿಕಪ್‌ಗಳು ಒಂಟಿಯಾಗಿ ಕೆಲಸ ಮಾಡುವ ಸ್ಥಾನಗಳು, ತುಂಬು ದನಿಯಿಂದ ಮೊಳಗಿದವು. ಆದರೆ ಎರಡು ಪಿಕಪ್‌ಗಳು ಸೇರುವ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಸ್ವರ ಒಣಗಿ, ಮಂದ್ರವೆಲ್ಲ ಬಸಿದುಹೋಗಿ, ಮೂಗಿನಲ್ಲಿ ಮಾತಾಡಿದಂತೆ ಕೇಳಿಸಿತು. ವಿಚಿತ್ರವೆಂದರೆ ಆ ಎರಡು ಸ್ಥಾನಗಳಲ್ಲಿ ಗುಂಯ್ ಸದ್ದು ಮಾತ್ರ ಹೆಚ್ಚುಕಡಿಮೆ ಇರಲೇ ಇಲ್ಲ.

ಎರಡು ಪಿಕಪ್‌ಗಳ ಸಂಕೇತಗಳು ಒಂದಕ್ಕೊಂದು ವಿರುದ್ಧವಾಗಿ ನಿಂತು ಕಳೆದುಕೊಳ್ಳುತ್ತಿವೆ ಎಂಬುದು ನನಗೆ ಕೂಡಲೇ ಹೊಳೆಯಿತು. ಸ್ಪೀಕರುಗಳಲ್ಲಿ ಇದನ್ನು ನೂರು ಸಲ ಕಂಡಿದ್ದೆ. ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಹಾಗೆಯೇ ನಡುವಿನ ಪಿಕಪ್‌ನ ಬಿಳಿ ಮತ್ತು ಕಪ್ಪು ವೈರುಗಳನ್ನು ಬದಲಿಸಿದೆ. ಸ್ವರ ಸರಿಹೋಯಿತು. ಆದರೆ ಅದುವರೆಗೆ ಆ ಸ್ಥಾನಗಳಲ್ಲಿ ಇಲ್ಲದಿದ್ದ ಗುಂಯ್ ಸದ್ದು ಒಂಟಿ ಪಿಕಪ್‌ನಷ್ಟೇ ಮಟ್ಟದಲ್ಲಿ ಬಂದು ಕೂತಿತು. ನನ್ನ ಸ್ಪೀಕರ್ ಜ್ಞಾನ ಇಲ್ಲಿ ಅರ್ಧಕ್ಕೆ ನಿಂತಿತು. ಸ್ಪೀಕರು ಹೊರಗಿನ ಸದ್ದನ್ನು ಹಿಡಿಯುವ ಸಾಧನವಲ್ಲ, ಪಿಕಪ್ ಹಿಡಿಯುತ್ತದೆ. ಈ ಒಂದು ಭೇದ ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಆ ಸಂಜೆ ಕಾಗದ ಹಿಡಿದು ಕೂತು ಬಿಡಿಸಿದ ಲೆಕ್ಕ ಹೀಗಿದೆ. ಗಿಟಾರಿನ ತಂತಿಯಿಂದ ಹುಟ್ಟುವ ಸಂಕೇತದ ದಿಕ್ಕನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಸುರುಳಿ ಪ್ರದಕ್ಷಿಣೆಯಾಗಿ ಸುತ್ತಿದೆಯೋ ಅಪ್ರದಕ್ಷಿಣೆಯಾಗಿಯೋ ಎಂಬುದು ಒಂದು, ಅಯಸ್ಕಾಂತದ ಯಾವ ಧ್ರುವ ಮೇಲಿದೆ ಎಂಬುದು ಇನ್ನೊಂದು. ಗೋಡೆಯಿಂದ ಬರುವ ಗುಂಯ್ ಸದ್ದಿಗಾದರೋ ಪಿಕಪ್‌ನ ಅಯಸ್ಕಾಂತದ ಹಂಗಿಲ್ಲ. ಸುರುಳಿಯ ದಿಕ್ಕೊಂದೇ ಅದರ ದಿಕ್ಕು. ಆದುದರಿಂದ ನಡುವಿನ ಪಿಕಪ್‌ನಲ್ಲಿ ಸುರುಳಿಯೂ ತಿರುವು (ಉಳಿದೆರಡಕ್ಕೆ ವಿರುದ್ಧ), ಧ್ರುವವೂ ತಿರುವು ಆಗಿದ್ದರೆ ಎರಡು ತಿರುವುಗಳು ಸೇರಿ ಸ್ವರ ನೇರವಾಗುತ್ತದೆ, ಗುಂಯ್ ಸದ್ದು ಮಾತ್ರ ಒಂದೇ ತಿರುವನ್ನು ಕಂಡು ಅಳಿದುಹೋಗುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್‌ನಲ್ಲಿ ಎರಡು ಸುರುಳಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಸಾಧಿಸಿದ್ದೂ ಇದನ್ನೇ. ಮೊದಲ ಸ್ಟ್ರಾಟೋಕ್ಯಾಸ್ಟರ್‌ಗಳಲ್ಲಿ ಈ ಸೌಕರ್ಯ ಇರಲಿಲ್ಲ. ಅವುಗಳ ಸ್ವಿಚ್ಚಿಗೆ ಮೂರೇ ಸ್ಥಾನ. ನುಡಿಸುವವರು ಹಿಡಿಯನ್ನು ಎರಡು ಸ್ಥಾನಗಳ ನಡುವೆ ನಾಜೂಕಾಗಿ ನಿಲ್ಲಿಸಿ ಜೋಡಿ ಸ್ವರವನ್ನು ಕಂಡುಕೊಂಡರು, 1977ರಲ್ಲಿ ಐದು ಸ್ಥಾನದ ಸ್ವಿಚ್ಚು ಕಾರ್ಖಾನೆಯಿಂದಲೇ ಬರತೊಡಗಿತು. ನಡುವಿನ ಪಿಕಪ್ಪನ್ನು ತಿರುವಾಗಿ ಮಾಡುವ ಪದ್ಧತಿ ರೂಢಿಯಾದದ್ದು ಆಮೇಲೆ.

ನಮ್ಮ ನಡುಪಿಕಪ್‌ನಲ್ಲಿ ಮೊದಲು ಗುಂಯ್ ಅಳಿಯುತ್ತಿತ್ತು, ಸ್ವರವೂ ಅಳಿಯುತ್ತಿತ್ತು. ಅಂದರೆ ಸುರುಳಿ ತಿರುವಾಗಿತ್ತು, ಧ್ರುವ ತಿರುವಾಗಿರಲಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ. ಆ ಪಿಕಪ್ ತನ್ನ ಸ್ವಂತ ಜೋಡಿಯ ನಡುವೆ ಇದ್ದಿದ್ದರೆ ಎರಡೂ ತಿರುವಾಗಿಯೇ ಇರುತ್ತಿತ್ತು. ಒಬ್ಬ ತಯಾರಕರು ನೆಕ್ ಮತ್ತು ಬ್ರಿಜ್ ಪಿಕಪ್‌ಗಳಲ್ಲಿ ಉತ್ತರ ಧ್ರುವವನ್ನು ಮೇಲಿಟ್ಟರೆ ಇನ್ನೊಬ್ಬರು ದಕ್ಷಿಣವನ್ನು ಇಡುತ್ತಾರೆ. ಎರಡು ಮನೆಯ ಪದ್ಧತಿಗಳು ಒಂದೇ ಹಲಗೆಯ ಮೇಲೆ ಕೂಡಿದ್ದರಿಂದ ಬಂದ ತೊಡಕು ಇದು.

ಊಹೆಯನ್ನು ಖಚಿತಪಡಿಸಲು ಶಾಲಾ ಮಕ್ಕಳ ದಿಕ್ಸೂಚಿ ಸಾಕಾಯಿತು. ಪಿಕಪ್‌ಗೆ ತೀರ ಹತ್ತಿರ ಹಿಡಿದರೆ ದಿಕ್ಸೂಚಿಯ ಸೂಜಿಯ ಧ್ರುವವೇ ತಿರುಗಿಬಿಡುವ ಅಪಾಯವಿರುವುದರಿಂದ ದೂರದಿಂದ ಮೆಲ್ಲಗೆ ತಂದು, ಸೂಜಿ ಅಲುಗಿದ ಕೂಡಲೇ ನಿಲ್ಲಿಸಬೇಕು. ಮೂರೂ ಪಿಕಪ್‌ಗಳ ನೆತ್ತಿಗೆ ಸೂಜಿಯ ದಕ್ಷಿಣದ ತುದಿಯೇ ತಿರುಗಿತು, ಮೂರರಲ್ಲೂ ಮೇಲಿರುವುದು ಉತ್ತರ ಧ್ರುವ. ಸುರುಳಿಯ ದಿಕ್ಕಿಗೂ ಪರೀಕ್ಷೆಯಿದೆ: ಮುಳ್ಳಿನ ಹಳೆಯ ಮಲ್ಟಿಮೀಟರಿಗೆ ಪಿಕಪ್ಪನ್ನು ಸೇರಿಸಿ, ಕಡ್ಡಿಗಳಿಗೆ ಸ್ಕ್ರೂಡ್ರೈವರನ್ನು ತಾಗಿಸಿದಾಗ ಮುಳ್ಳು ಯಾವ ಕಡೆಗೆ ಜಿಗಿಯುತ್ತದೆಂದು ನೋಡಿದರೆ ಸಂಕೇತದ ದಿಕ್ಕು ತಿಳಿಯುತ್ತದೆ, ಅದನ್ನು ದಿಕ್ಸೂಚಿಯ ಫಲಿತಾಂಶದ ಪಕ್ಕದಲ್ಲಿಟ್ಟರೆ ಸುರುಳಿಯ ದಿಕ್ಕೂ ತಿಳಿಯುತ್ತದೆ. ಬೆಸೆಯುವ ಮೊದಲೇ ಮಾಡಬೇಕಾಗಿದ್ದ, ಹತ್ತು ನಿಮಿಷವೂ ಹಿಡಿಯದ ಎರಡು ಪರೀಕ್ಷೆಗಳು ಇವೇ.

ಧ್ರುವ ತಿರುಗಿಸಿದ ಬಗೆ

ಕಡ್ಡಿಗಳನ್ನು ಹೊರತಳ್ಳಿ ತಲೆಕೆಳಗಾಗಿ ಹಾಕುವ ಆಲೋಚನೆಯನ್ನು ಮೊದಲೇ ಕೈಬಿಟ್ಟೆ. ಈ ಬಗೆಯ ಪಿಕಪ್‌ಗಳಲ್ಲಿ ತಾಮ್ರದ ತಂತಿಯನ್ನು ಆಲ್ನಿಕೊ ಕಡ್ಡಿಗಳ ಮೈಗೇ ಸುತ್ತಿರುತ್ತಾರೆ. ಒಂದು ಕಡ್ಡಿ ಅಲುಗಿದರೂ ಒಳಪದರದ ತಂತಿ ತುಂಡಾಗಿ ಪಿಕಪ್ ಸತ್ತಂತೆಯೇ. ಉಳಿದದ್ದು ಇದ್ದಲ್ಲೇ ಮರುಕಾಂತೀಕರಣ. ಆಲ್ನಿಕೊ ಬಲವಾದ ಅಯಸ್ಕಾಂತವಾದರೂ ತನ್ನ ಧ್ರುವವನ್ನು ಕಾಪಾಡಿಕೊಳ್ಳುವ ಹಟ ಅದಕ್ಕೆ ಕಡಿಮೆ, ಬಲವಾದ ಎದುರು ಕ್ಷೇತ್ರಕ್ಕೆ ಬೇಗ ಬಗ್ಗುತ್ತದೆ. ಸೆರಾಮಿಕ್ ಪಟ್ಟಿಯಾಗಿದ್ದರೆ ಮನೆಯಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ.

ಎರಡು ನಿಯೋಡಿಮಿಯಂ ಅಯಸ್ಕಾಂತದ ಬಿಲ್ಲೆಗಳನ್ನು ಕಬ್ಬಿಣದ ವೈಸಿನ ಎರಡು ದವಡೆಗಳಿಗೆ, ಒಂದರ ಉತ್ತರ ಇನ್ನೊಂದರ ದಕ್ಷಿಣಕ್ಕೆ ಎದುರಾಗುವಂತೆ ಅಂಟಿಸಿ, ನಡುವೆ ಪಿಕಪ್ ನುಸುಳುವಷ್ಟೇ ಅಂತರ ಬಿಟ್ಟೆ. ಈ ಬಿಲ್ಲೆಗಳು ಒಂದಕ್ಕೊಂದು ಹಾರಿ ಬಡಿದುಕೊಂಡರೆ ಬೆರಳಿನ ಚರ್ಮ ಕೀಳುತ್ತವೆ. ಪಿಕಪ್ಪನ್ನು ಸೆಳೆದುಕೊಂಡರೆ ಕೂದಲೆಳೆಯ ಸುರುಳಿ ಹರಿದುಹೋಗುತ್ತದೆ. ಹಾಗಾಗಿ ಸುರುಳಿಗೆ ಹತ್ತಿಯ ಪಟ್ಟಿ ಸುತ್ತಿ, ಬಿಲ್ಲೆಗಳ ಮೇಲೆ ತೆಳ್ಳನೆಯ ರಟ್ಟು ಅಂಟಿಸಿ, ಪಿಕಪ್‌ನ ಉತ್ತರ ನೆತ್ತಿಯನ್ನು ಬಿಲ್ಲೆಯ ಉತ್ತರ ಮುಖದ ಕಡೆಗೇ ಮಾಡಿ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯಿಸಿದೆ. ಮೊದಲು ತಳ್ಳಿದಂತಾಯಿತು, ಮರುಕ್ಷಣವೇ ಸೆಳೆಯಿತು. ಧ್ರುವ ತಿರುಗಿದ್ದು ಆ ಕ್ಷಣದಲ್ಲೇ. ನಾಲ್ಕು ಬಾರಿ ಹಾಯಿಸಿ, ದೂರ ಒಯ್ದು, ಆರೂ ಕಡ್ಡಿಗಳನ್ನು ಒಂದೊಂದಾಗಿ ದಿಕ್ಸೂಚಿಗೆ ತೋರಿಸಿದೆವು. ಆರಕ್ಕೂ ಈಗ ಸೂಜಿಯ ಉತ್ತರದ ತುದಿ ತಿರುಗಿತು. ಅದಲುಬದಲು ಮಾಡಿದ್ದ ಬಿಳಿ ಮತ್ತು ಕಪ್ಪು ವೈರುಗಳನ್ನು ಮೊದಲಿನಂತೆಯೇ ಬೆಸೆದು ನುಡಿಸಿದಾಗ ಎರಡು ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಗಂಟೆಯಂಥ ತಿಳಿ ಸ್ವರವೂ ಬಂತು, ಗುಂಯ್ ಸದ್ದೂ ಅಡಗಿತು. ಪೂರ್ತಿಯಾಗಿ ಅಲ್ಲ, ಎರಡು ಸುರುಳಿಗಳೂ ತದ್ರೂಪಿಗಳಲ್ಲವಲ್ಲ.

ಎತ್ತರದ ಹೊಂದಾಣಿಕೆ

ಹೆಚ್ಚು ದನಿ ಬರಲೆಂದು ಅವಳು ಪಿಕಪ್‌ಗಳನ್ನು ತಂತಿಗೆ ಬಹಳ ಹತ್ತಿರ ಏರಿಸಿದ್ದಳು. ಹನ್ನೆರಡನೆಯ ಫ್ರೆಟ್ಟಿನಿಂದ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಿಂದ) ಆಚೆ ದಪ್ಪ ತಂತಿಗಳ ಸ್ವರ ಅಲೆಅಲೆಯಾಗಿ ತೂಗಾಡಿ, ಶ್ರುತಿಯೇ ನಿಲ್ಲಲಿಲ್ಲ. ಆಲ್ನಿಕೊ ಕಡ್ಡಿಗಳು ನೇರವಾಗಿ ತಂತಿಯ ಕೆಳಗೇ ಇರುವುದರಿಂದ ಹತ್ತಿರವಾದಷ್ಟೂ ತಂತಿಯನ್ನು ಸೆಳೆದು ಅದರ ಕಂಪನವನ್ನು ಕೆಡಿಸುತ್ತವೆ; ಹಳೆಯ ಪಿಕಪ್‌ಗಳಲ್ಲಿ ಈ ತೊಂದರೆ ಅಷ್ಟಾಗಿ ಕಂಡಿರಲಿಲ್ಲ. ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ಮಂದ್ರದ ಕಡೆ 2.4 ಮಿಲಿಮೀಟರ್, ತಾರದ ಕಡೆ 2 ಮಿಲಿಮೀಟರ್ ಅಂತರ ಬರುವಂತೆ ಇಳಿಸಿದ ಮೇಲೆ ತೂಗಾಟ ನಿಂತಿತು. ಅಲ್ಲಿಂದ ಮುಂದಿನ ಕಾಲು ಸುತ್ತು, ಅರ್ಧ ಸುತ್ತುಗಳನ್ನು ಅವಳು ಕಿವಿಯಿಂದಲೇ ನಿರ್ಧರಿಸಿದಳು. ನನಗೆ ಆ ವ್ಯತ್ಯಾಸಗಳು ಕೇಳಿಸಲಿಲ್ಲ.

ಡಿಸೆಂಬರಿನಲ್ಲಿ ಅವಳು ತಂತಿ ಬದಲಿಸಲು ಗಿಟಾರನ್ನು ಮತ್ತೆ ತಂದಾಗ ಪಿಕ್‌ಗಾರ್ಡ್ ಬಿಚ್ಚಿ ಎಲ್ಲವನ್ನೂ ಇನ್ನೊಮ್ಮೆ ಅಳೆದೆ. ನಡುವಿನ ಪಿಕಪ್‌ನ ಧ್ರುವ ತಿರುಗಿಸಿದಂತೆಯೇ ನಿಂತಿತ್ತು. ಬ್ರಿಜ್ ಪಿಕಪ್ ಏಪ್ರಿಲಿನಲ್ಲಿ ತೋರಿಸಿದ್ದ 6.4ರ ಬದಲು 6.2 ಕಿಲೋ ಓಮ್ ತೋರಿಸಿತು, ಉಳಿದೆರಡೂ ಅದೇ ಪ್ರಮಾಣದಲ್ಲಿ ಇಳಿದಿದ್ದವು. ಇದು ದೋಷವಲ್ಲ, ತಾಮ್ರದ ರೋಧ ಡಿಗ್ರಿಗೆ ಸುಮಾರು 0.39 ಶೇಕಡಾದಂತೆ ಬದಲಾಗುತ್ತದೆ, ಕೋಣೆ ಬೇಸಿಗೆಗಿಂತ ಹತ್ತು ಡಿಗ್ರಿ ತಣ್ಣಗಿತ್ತು. ಒಂಟಿ ಪಿಕಪ್‌ನ ಸ್ಥಾನಗಳಲ್ಲಿ ಗುಂಯ್ ಸದ್ದು ಈಗಲೂ ಇದೆ, ಹಾಸ್ಟೆಲಿನಲ್ಲಿ ಕರೆಂಟು ಹೋಗಿ ಇನ್ವರ್ಟರ್ ಶುರುವಾದರೆ ಇನ್ನೂ ಜೋರಾಗುತ್ತದಂತೆ, ಆಗ ಅವಳು ಸ್ವಿಚ್ಚನ್ನು ನಾಲ್ಕನೆಯ ಸ್ಥಾನಕ್ಕೆ ತಳ್ಳಿ ಅಭ್ಯಾಸ ಮಾಡುತ್ತಾಳೆ. ನೆಕ್ ಪಿಕಪ್‌ನ ಎತ್ತರದ ಒಂದು ಸ್ಕ್ರೂ ಮಾತ್ರ ಸಡಿಲವಾಗಿತ್ತು. ಅದರ ಕೆಳಗಿನ ರಬ್ಬರ್ ಕೊಳವೆ ಬದಲಿಸಿ ಕೊಟ್ಟೆ.